ಹದಿನೈದನೆಯ ಕ್ಲಬ್

ಸ್ಕಾಟ್ಲೆಂಡಿನ ಕಾರ್ನೂಸ್ಟಿ ಊರಿನ ಬೇಕರಿಯ ಸಾಲಿನಲ್ಲಿ ಬೆಳಿಗ್ಗೆ ನನ್ನ ಮುಂದೆ ನಿಂತಿದ್ದವರು ಗಾಲ್ಫ್ ಆಟಗಾರ ಲಾಕ್ಲನ್ ಮತ್ತು ಆಟದಲ್ಲಿ ಅವನ ಚೀಲ ಹೊರುವ ಚಿಕ್ಕಮ್ಮ ಐಲ್ಸಾ. ಚೆಂಡು ಹೊಡೆಯುವ ಕೋಲುಗಳ, ಅಂದರೆ ಕ್ಲಬ್‌ಗಳ, ಆ ಚೀಲ ಈಗಲೂ ಅವಳ ಹೆಗಲಲ್ಲೇ ಇತ್ತು.

"ಚಿಕ್ಕಮ್ಮ, ನಾನು ಕೆಟ್ಟೆ. ಚೀಲದಲ್ಲಿ ಹದಿನೈದು ಕ್ಲಬ್ ಇದೆ!"

"ಮೆಲ್ಲಗೆ ಮಾತಾಡೋ."

"ಹದಿನಾಲ್ಕರ ಮೇಲೆ ಒಂದೂ ಇರೋ ಹಾಗಿಲ್ಲ. ನಿನ್ನೆ ಹೀಗೇ ಆಡಿ ಅಂಕದ ಚೀಟಿಗೆ ಸಹಿನೂ ಹಾಕ್ಬಿಟ್ಟೆ. ಹೇಳಿದ್ರೆ ನಾಲ್ಕು ಹೊಡೆತ ದಂಡ, ಪಂದ್ಯಾವಳಿಯಿಂದ ಹೊರಬಿದ್ದು ಇವತ್ತೇ ಮನೆಗೆ. ಹೇಳ್ದೆ ಇರೋಕೂ ಆಗಲ್ಲ."

"ಹೆಚ್ಚಿರೋದು ಯಾವ್ದು?"

"ನನ್ನ ಹಳೇ ಪಟರ್."

"ಅದನ್ನ ಇವತ್ತು ಬೆಳಿಗ್ಗೆ ನಾನೇ ತುರುಕಿದ್ದು ಕಣೋ. ನಿನ್ನೆ ಹದಿನಾಲ್ಕೇ ಇತ್ತು, ಶುರುಗೆ ಮುಂಚೆ ಎರಡು ಸಲ ಎಣಿಸಿದೀನಿ."

ಅವನು ಗೋಡೆಗೊರಗಿ ಉಸಿರು ಬಿಟ್ಟ.

"ಒಂದು ಮಾತು ಹೇಳ್ಬಾರ್ದಿತ್ತಾ!"

"ಹೇಳಿದ್ರೆ ಬೇಡ ಅಂತಿದ್ದೆ. ನಿನ್ನ ಪ್ರಾಯೋಜಕ ಕಂಪನಿಯವ್ರು ಕೊಟ್ಟ ಆ ದಪ್ಪ ತಲೆಯ ಪಟರ್ ಹಿಡ್ಕೊಂಡು ನಿನ್ನೆ ಮೂರಡಿಯಿಂದ ಐದು ಸಲ ಗುಳಿ ತಪ್ಪಿಸ್ದೆ. ನನ್ನ ಕೈಲಿ ನೋಡೋಕಾಗ್ಲಿಲ್ಲ."

"ಈಗ ಎರಡ್ರಲ್ಲಿ ಒಂದು ತೆಗೀಬೇಕಲ್ಲ."

"ಯಾವ್ದು ಅಂತ ನೀನೇ ಹೇಳಪ್ಪ. ಆಡೋನು ನೀನು."

ಅವರ ಸರದಿ ಬಂತು. ಮಾಂಸ ತುಂಬಿದ ಎರಡು ಬಿಸಿ ಬ್ರೈಡಿ ಕಟ್ಟಿಸಿಕೊಂಡರು. ಬಾಗಿಲಲ್ಲಿ ಅವನು ದಪ್ಪ ತಲೆಯದನ್ನು ಚೀಲದಿಂದ ಎಳೆದು ಅವಳ ಕೈಗಿತ್ತ.

"ಇದನ್ನ ಕಾರಲ್ಲಿಟ್ಟು ಬೀಗ ಹಾಕು, ಚಿಕ್ಕಮ್ಮ. ಬೀಗದ ಕೈ ಮಾತ್ರ ನಾನು ಕೇಳಿದ್ರೂ ಕೊಡ್ಬೇಡ."