ಒನ್ಸ್ ಮೋರ್

ಹೊಳಲ್ಕೆರೆಯ ಛತ್ರದ ಜಗುಲಿಯಲ್ಲಿ ನಾನು ಎತ್ತಿನ ಗಾಡಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಬಿ.ದುರ್ಗದ ಗಂಡ ಹೆಂಡತಿ ಕೂತಿದ್ದರು. ಗಂಡ ಮರುಳಸಿದ್ದಪ್ಪನಿಗೆ ಹುಟ್ಟಿನಿಂದಲೇ ಕಣ್ಣಿಲ್ಲ. ಹಿಂದಿನ ದಿನ ಚಿತ್ರದುರ್ಗದ ಕಂಪನಿ ನಾಟಕದಲ್ಲಿ ಕೇಳಿದ ರಾಣಿಯ ಹಾಡನ್ನು ಆತ ಗುನುಗುತ್ತಿದ್ದ.

“ಆ ಹಾಡು ಬ್ಯಾಡ್ರಿ,” ಎಂದಳು ಹೆಂಡತಿ.

“ಯಾಕೆ? ಕೊನೇಗೆ ದನಿ ಹೆಂಗೆ ನಡುಗ್ತು. ಎಂಥಾ ದುಃಖ ತುಂಬಿದ್ನಲ್ಲೇ ಆ ಹುಡುಗ.”

“ಅದು ದುಃಖ ಅಲ್ಲರಿ, ಜ್ವರ. ರಾಣಿ ಪಾರ್ಟಿನೋನಿಗೆ ನಿಲ್ಲಾಕೆ ಆಗ್ತಿರಲಿಲ್ಲ. ಕಂಬ ಹಿಡ್ಕಂಡು ಹಾಡಿದ.”

“ಜನ ಉಸಿರು ಬಿಗಿ ಹಿಡಿದು ಕೇಳಿದ್ರಲ್ಲ?”

“ಕೇಳಲಿಲ್ಲ, ಗಾಬರಿಯಾಗಿ ನೋಡ್ತಿದ್ರು. ಒನ್ಸ್ ಮೋರ್ ಅಂತ ಕೂಗಿದ್ದು ನೀವೊಬ್ರೇ.”

“ಅವ್ನು ಮತ್ತೆ ಹಾಡಿದ್ನಲ್ಲ.”

“ಹಾಡಿದ. ಪರದೆ ಬಿದ್ದಮೇಲೆ ಕುಸಿದ. ಬೆಳಿಗ್ಗೆ ತೀರ್ಕಂಡನಂತೆ, ನಾವು ಹೊರಡೋವಾಗ ಕಂಪನಿಯೋರು ನಂಗೊಬ್ಬಳಿಗೇ ಹೇಳಿದ್ರು.”

ಮರುಳಸಿದ್ದಪ್ಪ ಹೆಂಡತಿಯ ಕಡೆಗೆ ತಿರುಗಿದ.

“ನನ್ನ ಬಾಯಿ ಯಾಕೆ ಮುಚ್ಚಿಸ್ಲಿಲ್ಲ ನೀನು?”

“ನಿಮ್ಮ ಮುಖದಾಗೆ ಅಷ್ಟು ಖುಷಿ ನಾನು ಯಾವತ್ತೂ ಕಂಡಿರ್ಲಿಲ್ಲರಿ.”

ಅವರ ಗಾಡಿ ಬಂತು. ಅವಳು ತೋಳು ಹಿಡಿಯಲು ಹೋದಳು. ಆತ ಕೈ ಕೊಡವಿಕೊಂಡು, ಜಗುಲಿಯ ಅಂಚನ್ನು ಕಾಲಲ್ಲಿ ತಡಕುತ್ತಾ ಒಬ್ಬನೇ ಕೆಳಗಿಳಿದ.