ರೇನೊ ಹೆಸರಿಗೆ ನಾನೂರ ಹತ್ತು

"ಶಾಲೆ ಅರ್ಧಕ್ಕೆ ಬಿಟ್ಟವಳು ಕಂಪ್ಯೂಟರ್ ಅಂಗಡಿ ಇಡ್ತಾಳಂತೆ!" ಅಂತ ನಕ್ಕವನು ನನ್ನ ಭಾವ ವೆಸ್. ಹಠಕ್ಕೆ ಬಿದ್ದು ಲೈಬ್ರರಿ ಪುಸ್ತಕ ಓದಿಯೇ ಕಲಿತೆ, ಹಿಮ ಬೀಳೋ ನಮ್ಮೂರು ಹ್ಯಾಂಕಾಕ್‌ನಲ್ಲಿ ಅಂಗಡಿ ಇಟ್ಟೆ. ಚಿಕ್ಕಪ್ಪನ ಮಗಳು ಕಾರ್ಲಾ ಜೊತೆಗಿದ್ದಳು. ಇದು ಅವಳಿಗೆ ಆದದ್ದು.

ಊರಿನ ಶವಸಂಸ್ಕಾರದವರು ನಮ್ಮ ಸರ್ವರ್‌ನಲ್ಲಿ ಸತ್ತವರಿಗೆಲ್ಲ ಒಂದೊಂದು ನೆನಪಿನ ವೆಬ್ ಪುಟ ಇಟ್ಟಿದ್ದರು. ವಿಳಾಸದ ಕೊನೆಗೆ ಒಂದು ಪ್ರಶ್ನೆ ಚಿಹ್ನೆ, ಒಂದು ನಂಬರು. "ನಮ್ಮಮ್ಮ ಏನು ಎಂಬತ್ತೇಳನೇ ಸಾಮಾನಾ?" ಅಂತ ಒಬ್ಬಳು ಅತ್ತಳು. ಅದಕ್ಕೇ ಕಾರ್ಲಾ ಸರ್ವರ್‌ಗೆ ಹೊಸ ನಿಯಮ ಬರೆದಳು: ನಂಬರು ಬೇಡ, ವಿಳಾಸದ ಮೊದಲ ಚುಕ್ಕೆಗೆ ಮುಂಚೆ ಯಾರ ಹೆಸರು ಬಂದರೂ ಅವರ ಪುಟ ತೆರೆ.

ಫೆಬ್ರವರಿ. ಸಂಜೆ ಕಾಲುವೆ ದಂಡೆ ಹಿಡಿದು ಮನೆಗೆ ಹೊರಟ ಕಾರ್ಲಾ ಅರ್ಧದಾರಿಯಿಂದ ಅಂಗಡಿಗೆ ಓಡಿ ಬಂದಳು. ಹಿಂದಿನಿಂದ ಯಾರೋ ಅವಳ ಗಂಡನ ಹೆಸರು ಕರೆದರಂತೆ. ತಿರುಗಿದರೆ... ಬರೀ ಹಿಮ.

ಅಂಗಡಿಯಲ್ಲಿ ಸರ್ವರ್ ಸದ್ದು ಮಾಡುತ್ತಿತ್ತು. ಟಿಕ್... ಟಿಕ್... ಪ್ರತಿ ಟಿಕ್‌ಗೂ ತೆರೆಯ ಮೇಲೆ ಒಂದು ಸಾಲು. ಯಾರೋ ಒಂದೇ ಪುಟ ಕೇಳುತ್ತಿದ್ದರು. ರೇನೊ. ರೇನೊ. ರೇನೊ.

"ಅಕ್ಕ... ಊರಲ್ಲಿ ಈ ಹೆಸರಿನವನು ನನ್ನ ಗಂಡ ಒಬ್ಬನೇ."

"ಬದುಕಿರೋನಿಗೆ ಯಾವ ಪುಟವೇ? ಪೋಲಿಗಳ ಆಟ."

"ಕೇಳ್ತಿರೋದು ಯಾರು, ನೋಡು."

ನೋಡಿದೆ. ಕೇಳುತ್ತಿದ್ದದ್ದು ನಮ್ಮ ಸರ್ವರೇ. ನೆಟ್ ಕೇಬಲ್ ಕಿತ್ತೆ. ಟಿಕ್... ಟಿಕ್...

ಕಾರ್ಲಾ ಫೋನ್ ಮಾಡಿದಳು. ರೇನೊ ಕಾಲುವೆಯ ಮಂಜುಗಡ್ಡೆ ಮೇಲೆ, ತೂತು ಕೊರೆದು ಮೀನು ಹಿಡಿಯೋ ತನ್ನ ಪುಟ್ಟ ಗುಡಿಸಲಲ್ಲಿ ಕೂತಿದ್ದ.

"ಈಗಲೇ ಮನೆಗೆ ಬಾರೋ. ಸರ್ವರು ನಿನ್ನ ಹೆಸರೇ ಕರೀತಿದೆ."

"ಈಗ ತಾನೇ ಮೀನು ಕಚ್ತಿದೆ ಮಾರಾಯ್ತಿ. ನಿನ್ನ ಕಂಪ್ಯೂಟರಿಗೆ ನನ್ನ ಮೇಲೆ ಮನಸ್ಸಾಯ್ತಾ?" ನಗುತ್ತಲೇ ಫೋನಿಟ್ಟ.

ಇಲ್ಲದ ಪುಟ ಕೇಳಿದರೆ ಸರ್ವರ್ ೪೦೪ ಅನ್ನುತ್ತದೆ. ಅಂದರೆ, ಸಿಗಲಿಲ್ಲ. ಅಷ್ಟೇ ಹೇಳಿದರೆ ಕೇಳುವವರು ಮತ್ತೆ ಬರುತ್ತಾರೆ. ೪೧೦ ಬೇರೆ. ಇತ್ತು, ಹೋಯಿತು, ಇನ್ನು ಬರುವುದಿಲ್ಲ ಅಂತ ಅದರ ಅರ್ಥ. ನಾನು ಓದಿಕೊಂಡವಳು.

"ಈ ಹೆಸರಿಗೆ ೪೧೦ ಬರಿ. ತಾನಾಗೇ ನಿಲ್ಲುತ್ತೆ."

"ಬೇಡ ಅಕ್ಕ... ಅವನ ಹೆಸರಿಗೆ ಆ ಮಾತು ಬೇಡ."

"ಬರೀ ನಂಬರು ಕಣೇ!"

ಅವಳ ಕೈ ಏಳಲಿಲ್ಲ. ನಾನೇ ಬರೆದೆ.

ಟಿಕ್ ನಿಂತಿತು.

ಆಮೇಲೆ ಕಾಲುವೆ ಕಡೆಯಿಂದ ಚರ್ರ್... ದಪ್ಪ ಬಟ್ಟೆ ಉದ್ದಕ್ಕೂ ಹರಿದ ಹಾಗೆ. ಮಂಜುಗಡ್ಡೆ ಬಿರಿದಿತ್ತು. ರೇನೊ ಗುಡಿಸಲು ಸಮೇತ ನೀರಿಗೆ ಹೋಗಿದ್ದ.

ವಾರ ಕಳೆದು ಕಾರ್ಲಾ ಅವನ ನೆನಪಿನ ಪುಟ ಮಾಡಿದಳು. ತೆರೆಯಲಿಲ್ಲ. ೪೧೦. ನಾನು ಬರೆದ ಸಾಲು ಅಳಿಸಿದೆ. ೪೧೦. ಸರ್ವರನ್ನೇ ಬದಲಿಸಿದೆ. ಇವತ್ತಿಗೂ ೪೧೦. ಬಂದು ನೋಡಿ ಬೇಕಾದರೆ. ಸುಳ್ಳು ಹೇಳಿ ನನಗೆ ಆಗಬೇಕಾದ್ದೇನೂ ಇಲ್ಲ.

ನಾಲ್ಕು ಸರ್ವರು, ಅಂಗಡಿ, ಅದರ ಮೇಲಿನ ಮನೆ, ಎಲ್ಲ ಈಗ ನನ್ನದೇ. ಕಾರ್ಲಾ ನನ್ನನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾಳೆ.