ಕಾಫಿ ಮಿಷನ್ನಿನ ಹೊಸ ಪೈಪು

ನನ್ನ ಹೆಸರು ರಶ್ಮಿ ಕೋಂ ಜ್ಞಾನೇಶ್, ವಯಸ್ಸು 41 ವರ್ಷ, ಖಾಸಗಿ ಶಾಲೆಯೊಂದರಲ್ಲಿ ಗ್ರಂಥಪಾಲಕಿ, ವಾಸ ವಿನೋಬನಗರ, ಶಿವಮೊಗ್ಗ. ಈ ದಿನ ಠಾಣೆಗೆ ಖುದ್ದಾಗಿ ಬಂದು ಹೇಳಿ ಬರೆಸುತ್ತಿರುವುದೇನೆಂದರೆ,

ನನ್ನ ಗಂಡ ಜ್ಞಾನೇಶ್ 2024ರ ಜೂನ್ 18ರಂದು ಯಾರಿಗೂ ಹೇಳದೆ ಮನೆ ಬಿಟ್ಟು ಹೋದರು. ಆರು ದಿನಗಳ ನಂತರ ಭದ್ರಾವತಿ ಬಳಿ ಭದ್ರಾ ನಾಲೆಯಲ್ಲಿ ಒಂದು ಶವ ಸಿಕ್ಕಿತು. ಮುಖ ಗುರುತು ಸಿಗುವಂತಿರಲಿಲ್ಲ. ನೀಲಿ ಚೌಕಳಿ ಅಂಗಿ ನೋಡಿ ನನ್ನ ಗಂಡನೇ ಎಂದು ನಾನು ಹೇಳಿದೆ. ಅವರು ಮನೆಯಲ್ಲೇ ಬಿಟ್ಟು ಹೋಗಿದ್ದ ಇಷ್ಟಲಿಂಗವನ್ನು ಆ ಅಂಗೈಯಲ್ಲಿಟ್ಟು ನಮ್ಮ ರುದ್ರಭೂಮಿಯಲ್ಲಿ ಮಣ್ಣು ಮಾಡಿದೆವು. ಪ್ರತಿ ಸೋಮವಾರ ಆ ಸಮಾಧಿಗೆ ಹೂವಿಟ್ಟು ಬರುತ್ತಿದ್ದೇನೆ. ಆಗಿನಿಂದ ಮನೆಯಲ್ಲಿ ನಾನೊಬ್ಬಳೇ ಇದ್ದೇನೆ.

ನಮ್ಮ ಕಾಫಿ ಮಿಷನ್ ಅವರು ಹೋಗುವ ಮೊದಲಿನಿಂದಲೂ ತಳದಲ್ಲಿ ಸೋರುತ್ತಿತ್ತು. ರಿಪೇರಿ ಮಾಡ್ತೀನಿ ಎಂದು ಅವರು ಹೇಳುತ್ತಲೇ ಇದ್ದರು. ನಾನು ಕೆಳಗೆ ತಟ್ಟೆ ಇಟ್ಟು ಬಳಸುತ್ತಿದ್ದೆ. ಕಳೆದ ಗುರುವಾರ ಸಂಜೆ ಶಾಲೆಯಿಂದ ಬಂದು ಕಾಫಿ ಮಾಡಿದಾಗ ತಟ್ಟೆ ಒಣಗಿಯೇ ಇತ್ತು. ಟ್ಯಾಂಕು ತುಂಬಿ ಮತ್ತೆ ಹಾಕಿದೆ. ಹನಿಯೂ ಬೀಳಲಿಲ್ಲ. ಪ್ಲಗ್ ಕಿತ್ತು, ಆರಿದ ಮೇಲೆ ಮಗುಚಿ, ತಳದ ಸ್ಕ್ರೂ ಬಿಚ್ಚಿದೆ. ಬಿರಿದಿದ್ದ ರಬ್ಬರ್ ಪೈಪಿನ ಜಾಗದಲ್ಲಿ ಹೊಸ ಪೈಪು ಇತ್ತು. ಎರಡೂ ತುದಿಗೆ ತಂತಿ ಸುತ್ತಿ, ಕೈಗೆ ಚುಚ್ಚದಂತೆ ಮೊನೆಯನ್ನು ಒಳಕ್ಕೆ ಮಡಚಲಾಗಿತ್ತು. ಹಾಗೆ ಮಡಚುವುದು ನನ್ನ ಗಂಡನ ಅಭ್ಯಾಸ. ಬಾಗಿಲ ಬೀಗ ಒಡೆದಿರಲಿಲ್ಲ. ಅವರ ಬಳಿಯಿದ್ದ ಮನೆ ಕೀಲಿ ಶವದ ಜೊತೆ ಸಿಕ್ಕಿರಲಿಲ್ಲ. ಅಂದು ಅಡುಗೆಮನೆಯ ದೀಪ ಆರಿಸಲು ನನಗೆ ಧೈರ್ಯವಾಗಲಿಲ್ಲ.

ಮರುದಿನ ಮಿಷನ್ ತೆಗೆದುಕೊಂಡು, ಭದ್ರಾವತಿಯಲ್ಲಿ ಮಿಕ್ಸಿ ರಿಪೇರಿ ಅಂಗಡಿ ಇಟ್ಟಿರುವ ನನ್ನ ಗಂಡನ ಸ್ನೇಹಿತ ಆರಿಫ್ ಬಳಿ ಹೋದೆ. ಪೈಪು ನೋಡಿದ್ದೇ ಅವರು, "ಅಕ್ಕಾ, ಇದು ನಾನೇ ಕೊಟ್ಟಿದ್ದು" ಎಂದರು. ಬುಧವಾರ ನನ್ನ ಗಂಡ ಗಡ್ಡ ಬಿಟ್ಟುಕೊಂಡು ಅಂಗಡಿಗೆ ಬಂದರೆಂದೂ, ಹೆಣಕ್ಕೆ ಹೆಗಲು ಕೊಟ್ಟಿದ್ದ ತಾನು ಅವರ ಕೈ ಮುಟ್ಟಿ ನೋಡಿದ ಮೇಲಷ್ಟೇ ನಂಬಿದ್ದಾಗಿಯೂ ತಿಳಿಸಿದರು. ಮನೆಗೆ ಹೋಗೋ ಮಾರಾಯ ಎಂದಿದ್ದಕ್ಕೆ ನನ್ನ ಗಂಡ, "ಹೋಗಿದ್ದೆ ಕಣೋ. ಕಿಟಕೀಲಿ ನೋಡ್ದೆ. ನನ್ನ ಫೋಟೋಗೆ ಹಾರ ಹಾಕಿದಾಳೆ. ಮಿಷನ್ ಇನ್ನೂ ಸೋರ್ತಿದೆ, ಅದೊಂದು ಸರಿ ಮಾಡಿ ಹೊರಟುಹೋಗ್ತೀನಿ. ಅವಳಿಗೆ ಹೇಳ್ಬೇಡ" ಎಂದರಂತೆ. ಎಲ್ಲಿಗೆ ಎಂದು ಹೇಳಲಿಲ್ಲವಂತೆ.

"ಹಾಗಾದ್ರೆ ನಾವು ಮಣ್ಣು ಮಾಡಿದ್ದು ಯಾರನ್ನ?" ಎಂದು ಕೇಳಿದೆ.

ಆದ್ದರಿಂದ ನನ್ನ ಗಂಡನನ್ನು ಪತ್ತೆ ಮಾಡಬೇಕು. ಕಾನೂನು ಪ್ರಕಾರ ಸಮಾಧಿ ತೆಗೆಸಿ, ಅಲ್ಲಿರುವವರ ಮನೆಯವರನ್ನೂ ಪತ್ತೆ ಮಾಡಬೇಕು. ಅವರು ಇನ್ನೂ ಬಾಗಿಲು ನೋಡುತ್ತ ಕೂತಿರಬಹುದು. ಆ ಮನೆಯವರು ಬರುವವರೆಗೆ ಸೋಮವಾರದ ಹೂವನ್ನು ನಾನೇ ಇಡುತ್ತೇನೆ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ನಿಜವಿದೆ.

ಸ್ಥಳ: ಶಿವಮೊಗ್ಗ
ದಿನಾಂಕ: 14-09-2025
ಸಹಿ: ರಶ್ಮಿ